ಮಾವಿನ ವಾಟೆಯಲ್ಲಿ ಅಡಗಿರುವ ಎಣ್ಣೆ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ ಬೆಳಕವಾಡಿ ಎಂಬ ಊರಿದೆ. ಅಲ್ಲಿಗೆ ಅನತಿದೂರದಲ್ಲಿಯೇ ಕಾವೇರಿಯು ಶಿವನಸಮುದ್ರದ ಬಂಡೆಗಳ ಮೇಲಿಂದ ಧುಮ್ಮಿಕ್ಕುತ್ತದೆ. ಎಷ್ಟೋ ಸಾವಿರ ವರ್ಷಗಳ ಕಾಲ ಆ ನೀರು ನೋಡುವವರ ಕಣ್ಣಿಗೆ ಹಬ್ಬವಾಗಿ ಬಿದ್ದು ಹರಿದುಹೋಗುತ್ತಿತ್ತು. 1902ರಲ್ಲಿ ಅದೇ ನೀರಿನಿಂದ ವಿದ್ಯುಚ್ಛಕ್ತಿಯನ್ನು ಪಡೆದು, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಸಾಗಿಸಲಾಯಿತು. ನೀರಿನಲ್ಲಿ ಶಕ್ತಿಯು ಮೊದಲಿನಿಂದಲೂ ಇದ್ದಿತು. ಇಲ್ಲದೆ ಇದ್ದುದು ಅದನ್ನು ಹಿಡಿದು ಕೆಲಸಕ್ಕೆ ಹೂಡುವ ಸಾಧನ ಮಾತ್ರ.

ಇದೇ ಸೀಮೆಯ ಇನ್ನೊಂದು ಪದಾರ್ಥಕ್ಕೂ ಈ ಮಾತು ಒಪ್ಪುತ್ತದೆ. ಅದು ನಾವು ಹಣ್ಣನ್ನು ಚೀಪಿ ಬಿಸಾಡುವ ಮಾವಿನ ವಾಟೆ. ಮದ್ದೂರಿಗೆ ಹೊಂದಿಕೊಂಡ ಚನ್ನಪಟ್ಟಣ, ರಾಮನಗರಗಳ ಕಡೆ ಮಾವಿನ ತೋಪುಗಳು ಬಹಳ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ನೂರಕ್ಕೂ ಮಿಕ್ಕ ಬಗೆಯ ಮಾವುಗಳನ್ನು ಕಾಪಾಡಿಕೊಂಡು ಬಂದಿರುವ ಹಳೆಯ ತೋಟವೊಂದು ಪ್ರಸಿದ್ಧವಾಗಿದೆ. ಭಾರತದಲ್ಲಿ ವರ್ಷವೊಂದಕ್ಕೆ ಸುಮಾರು ಎರಡು ಕೋಟಿ ಟನ್ ಮಾವು ಬೆಳೆಯುತ್ತದೆ. ಜಗತ್ತಿನಲ್ಲಿ ಮತ್ತಾವ ದೇಶವೂ ಇಷ್ಟನ್ನು ಬೆಳೆಯುವುದಿಲ್ಲ. ಇದರಲ್ಲಿ ಒಂದು ಪಾಲು, ಮುಖ್ಯವಾಗಿ ತೋತಾಪುರಿ ಜಾತಿಯದು, ಚಿತ್ತೂರು ಮತ್ತು ಕೃಷ್ಣಗಿರಿಗಳ ಸುತ್ತಮುತ್ತಲಿನ ರಸದ ಕಾರ್ಖಾನೆಗಳಿಗೆ ಹೋಗುತ್ತದೆ. ಅಲ್ಲಿ ರಸವು ಡಬ್ಬಿ ಸೇರಿದ ಮೇಲೆ ಸಿಪ್ಪೆ ಮತ್ತು ವಾಟೆಗಳು ಗುಡ್ಡೆಯಾಗಿ ಉಳಿಯುತ್ತವೆ. ಕೊಳೆಯಲು ಬಿಟ್ಟರೆ ನೊಣ ಮುತ್ತುತ್ತದೆ, ದುರ್ನಾತ ಹೊರಡುತ್ತದೆ, ಸೋರಿದ ರಸ ಕೆರೆಕುಂಟೆಗಳನ್ನು ಕೆಡಿಸುತ್ತದೆ. ಆದರೆ ಆ ವಾಟೆಗಳೊಳಗೆ ಚಾಕೊಲೆಟ್ ತಯಾರಕರೂ ಸೌಂದರ್ಯಸಾಧನಗಳ ತಯಾರಕರೂ ಹಣ ತೆತ್ತು ಕೊಳ್ಳುವಂಥ ಎಣ್ಣೆಯಿದೆ. ಅದನ್ನು ಹೊರತೆಗೆಯುವುದು ಹೇಗೆ, ಅದು ಏಕೆ ಸುಲಭವಲ್ಲ, ಬೆಳಕವಾಡಿಯಂಥ ಊರಿಗೆ ಆ ಕೆಲಸದಲ್ಲಿ ಯಾವ ಪಾಲು ದೊರೆಯಬಹುದು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಎಣ್ಣೆಯಲ್ಲಿ ಎರಡು ಬಗೆ

ಮೊದಲು ಒಂದು ಚಿಕ್ಕ ಪ್ರಯೋಗ. ಒಂದು ಬಿಳಿಯ ಕಾಗದದ ಮೇಲೆ ಕಡಲೆಕಾಯಿ ಬೀಜವೊಂದನ್ನು ಅರೆದು ಉಜ್ಜಿರಿ. ಪಕ್ಕದಲ್ಲಿ ಕಿತ್ತಳೆ ಹಣ್ಣಿನ ಹಸಿ ಸಿಪ್ಪೆಯನ್ನು ಮಡಿಸಿ ಹಿಂಡಿ, ಅದರಿಂದ ಚಿಮ್ಮುವ ತುಂತುರು ಕಾಗದದ ಮೇಲೆ ಬೀಳುವಂತೆ ಮಾಡಿರಿ. ಎರಡು ಕಡೆಯೂ ಕಾಗದವು ಜಿಡ್ಡು ಹೀರಿ ಬೆಳಕನ್ನು ಸೋಸುವಂತಾಗುತ್ತದೆ. ಕಾಗದವನ್ನು ಕೆಲವು ಗಂಟೆಗಳ ಕಾಲ ಗಾಳಿಯಲ್ಲಿಟ್ಟು ನೋಡಿದರೆ ಕಡಲೆಕಾಯಿಯ ಕಲೆ ಹಾಗೆಯೇ ಇರುತ್ತದೆ. ಕಿತ್ತಳೆಯ ಕಲೆ ಬಹುಮಟ್ಟಿಗೆ ಮಾಯವಾಗಿರುತ್ತದೆ.

ಕಡಲೆಕಾಯಿಯ ಎಣ್ಣೆ ಸ್ಥಿರತೈಲ. ಅದರ ಅಣುಗಳು ದೊಡ್ಡವು. ಸಾಧಾರಣ ಉಷ್ಣತೆಯಲ್ಲಿ ಅವು ಆವಿಯಾಗುವುದಿಲ್ಲ. ಗಿಡವು ಇದನ್ನು ಬೀಜದೊಳಗೆ ತನ್ನ ಮರಿಗೆ ಬುತ್ತಿಯಾಗಿ ಕಟ್ಟಿಡುತ್ತದೆ. ಕಿತ್ತಳೆಯ ಎಣ್ಣೆ ಸುಗಂಧತೈಲ. ಅದರ ಅಣುಗಳು ಚಿಕ್ಕವು, ಸುಲಭವಾಗಿ ಹಾರಿಹೋಗುವಂಥವು. ಆ ಹಾರುವ ಗುಣದಿಂದಲೇ ಸಿಪ್ಪೆ ಸುಲಿದೊಡನೆ ಕೋಣೆಯೆಲ್ಲ ಪರಿಮಳಿಸುತ್ತದೆ. ಹೆಸರು ಒಂದೇ ಆದರೂ ಇವೆರಡೂ ರಸಾಯನದೃಷ್ಟಿಯಿಂದ ಬೇರೆ ಬೇರೆ ಪದಾರ್ಥಗಳು. ಆದುದರಿಂದ ಹಣ್ಣಿನ ಕಸದಿಂದ ಎಣ್ಣೆ ತೆಗೆಯಬೇಕೆನ್ನುವವನು ಮೊದಲು ಕೇಳಬೇಕಾದ ಪ್ರಶ್ನೆ ‘ಎಣ್ಣೆ ಎಷ್ಟಿದೆ?’ ಎಂಬುದಲ್ಲ, ‘ಎಂಥ ಎಣ್ಣೆ ಇದೆ, ಎಲ್ಲಿ ಇದೆ?’ ಎಂಬುದು. ಮಾವಿನ ವಾಟೆಯ ವಿಚಾರಕ್ಕೆ ಹೋಗುವ ಮುನ್ನ, ನಮ್ಮ ನಾಡಿನವೇ ಆದ ಬೇರೆ ಎರಡು ಹಣ್ಣುಗಳನ್ನು ನೋಡಿದರೆ ಈ ಮಾತು ಸ್ಪಷ್ಟವಾದೀತು.

ಕಿತ್ತಳೆಯ ಸಿಪ್ಪೆ

ಕೊಡಗಿನ ಕಾಫಿತೋಟಗಳಲ್ಲಿ ಕಾಫಿಯ ನಡುವೆ ಬೆಳೆಯುತ್ತಿದ್ದ ಕಿತ್ತಳೆ ಒಂದು ಕಾಲಕ್ಕೆ ದೇಶದಲ್ಲೆಲ್ಲ ಹೆಸರಾಗಿತ್ತು. ರೋಗಗಳ ದೆಸೆಯಿಂದ ಆ ಬೆಳೆ ಈಗ ಬಹಳ ಕುಗ್ಗಿದೆ. ಕಿತ್ತಳೆಯ ಸಿಪ್ಪೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಹೊರಮೈಯ ಹಳದಿ ಪದರದಲ್ಲಿ ಸಣ್ಣ ಸಣ್ಣ ಚೀಲಗಳು ಕಾಣುತ್ತವೆ. ಎಣ್ಣೆಯಿರುವುದು ಅಲ್ಲಿ, ಒಳಗಿನ ಬಿಳಿಯ ಪದರದಲ್ಲಿ ಅಲ್ಲ. ಹೀಗೆ ಎಣ್ಣೆ ಹೊರಮೈಯಲ್ಲೇ ಇರುವುದರಿಂದ ಯಂತ್ರದಲ್ಲಿ ಸಿಪ್ಪೆಯನ್ನು ಒತ್ತಿ ಅಥವಾ ಕೆರೆದು ಚೀಲಗಳನ್ನು ಒಡೆದರೆ ಸಾಕು. ನೀರು ಸಿಂಪಡಿಸಿ ಎಣ್ಣೆಯನ್ನು ತೊಳೆದುಕೊಂಡು, ಆ ಮಿಶ್ರಣವನ್ನು ವೇಗವಾಗಿ ತಿರುಗಿಸಿದರೆ ಹಗುರವಾದ ಎಣ್ಣೆ ನೀರಿನಿಂದ ಬೇರೆಯಾಗುತ್ತದೆ.

ಇನ್ನೊಂದು ದಾರಿ ಆವಿಯಿಂದ ಬಟ್ಟಿ ಇಳಿಸುವುದು. ಕಿತ್ತಳೆ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಲಿಮೋನೀನ್ ಎಂಬ ಪದಾರ್ಥ. ಅದು ಕುದಿಯುವುದು 176 ಡಿಗ್ರಿ ಸೆಂಟಿಗ್ರೇಡಿನಲ್ಲಿ. ಅಷ್ಟು ಕಾಯಿಸಿದರೆ ಪರಿಮಳ ಕೆಡುತ್ತದೆ. ಆದರೆ ನೀರಿನಲ್ಲಿ ಬೆರೆಯದ ದ್ರವವನ್ನು ನೀರಿನೊಡನೆ ಕಾಯಿಸಿದಾಗ ಎರಡರ ಆವಿಯೊತ್ತಡಗಳೂ ಕೂಡಿಕೊಳ್ಳುತ್ತವೆ. ಆ ಮೊತ್ತವು ಹೊರಗಿನ ವಾಯುವಿನ ಒತ್ತಡಕ್ಕೆ ಸಮನಾದ ಕ್ಷಣದಲ್ಲಿ ಮಿಶ್ರಣ ಕುದಿಯತೊಡಗುತ್ತದೆ. ನೀರೊಂದೇ ಕುದಿಯಲು ನೂರು ಡಿಗ್ರಿ ಬೇಕಾದರೆ, ಜೊತೆಗಾರನಿದ್ದಾಗ ನೂರಕ್ಕಿಂತ ಸ್ವಲ್ಪ ಕೆಳಗೇ ಎರಡೂ ಆವಿಯಾಗಿ ಹೊರಡುತ್ತವೆ. ಆ ಆವಿಯನ್ನು ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಹಡಗುಗಳ ಸಂಚಾರ ನಿಂತು ಶ್ರೀಗಂಧದ ಮರವನ್ನು ಜರ್ಮನಿಗೆ ಕಳುಹಿಸುವುದು ಅಸಾಧ್ಯವಾದಾಗ, ಮೈಸೂರು ಸಂಸ್ಥಾನವು ಇಲ್ಲಿಯೇ ಗಂಧದೆಣ್ಣೆಯ ಕಾರ್ಖಾನೆ ತೆರೆದುದು ಈ ತತ್ತ್ವದ ಆಧಾರದ ಮೇಲೆಯೇ.

ಈ ಉಪಾಯವು ಹಾರುವ ಎಣ್ಣೆಗೆ ಮಾತ್ರ ಸಲ್ಲುತ್ತದೆ. ಮಾವಿನ ವಾಟೆಯಲ್ಲಿರುವುದು ಸ್ಥಿರತೈಲ. ಅದನ್ನು ಎಷ್ಟು ಹೊತ್ತು ಆವಿಯಲ್ಲಿಟ್ಟರೂ ಅದು ಮೇಲೇಳುವುದಿಲ್ಲ.

ಮುರುಗಲು ಹಣ್ಣಿನ ಬೀಜ

ಹಣ್ಣಿನ ಕಸದಿಂದ ಸ್ಥಿರತೈಲವನ್ನು ತೆಗೆಯುವ ಹಳೆಯ ಪದ್ಧತಿಯೊಂದು ನಮ್ಮ ಪಶ್ಚಿಮಘಟ್ಟಗಳ ಸೆರಗಿನಲ್ಲಿಯೇ ಇದೆ. ಉತ್ತರ ಕನ್ನಡ, ದಕ್ಷಿಣ ಕನ್ನಡಗಳ ಕಡೆ ಮುರುಗಲು ಅಥವಾ ಪುನರ್ಪುಳಿ ಎಂಬ ಕೆಂಪು ಹಣ್ಣಿನ ಸಿಪ್ಪೆಯನ್ನು ಒಣಗಿಸಿ ಹುಳಿಗೂ ಪಾನಕಕ್ಕೂ ಬಳಸುತ್ತಾರೆ. ಉಳಿದ ಬೀಜವನ್ನು ಬಿಸಾಡುವುದಿಲ್ಲ. ಬಿಸಿಲಿನಲ್ಲಿ ಒಣಗಿಸಿ, ಸಿಪ್ಪೆ ಬಿಡಿಸಿ, ಕುಟ್ಟಿ ಹಿಟ್ಟು ಮಾಡಿ, ದೊಡ್ಡ ಪಾತ್ರೆಯಲ್ಲಿ ನೀರಿನೊಡನೆ ಬೇಯಿಸುತ್ತಾರೆ. ಕರಗಿದ ಕೊಬ್ಬು ಮೇಲೆ ತೇಲುತ್ತದೆ. ತಣ್ಣಗಾದಾಗ ಅದು ಗಟ್ಟಿಯಾಗುತ್ತದೆ. ಅದನ್ನು ತೆಗೆದು ಕೈಯಲ್ಲಿ ಉಂಡೆ ಕಟ್ಟುತ್ತಾರೆ. ಒಡೆದ ಹಿಮ್ಮಡಿಗೆ, ಬಿರಿದ ತುಟಿಗೆ ಹಚ್ಚುವ ಮುರುಗಲು ತುಪ್ಪ ಇದೇ. ಇದೇ ಕುಲದ ಉಪ್ಪಾಗೆಯ ಬೀಜದಿಂದ ತೆಗೆದ ತುಪ್ಪವನ್ನು ಅಡುಗೆಗೂ ಬಳಸುವುದುಂಟು.

ಹಾಗಾದರೆ ಮಾವಿನ ವಾಟೆಯನ್ನೂ ಹೀಗೆಯೇ ಕುಟ್ಟಿ ಬೇಯಿಸಬಾರದೇಕೆ? ಬಹು ಸಹಜವಾದ ಪ್ರಶ್ನೆ. ಬೇಯಿಸಿ ನೋಡಿದರೆ ದೊರೆಯುವುದು ತುಪ್ಪವಲ್ಲ, ಗಂಜಿ! ಮುರುಗಲು ಬೀಜದ ತಿರುಳಿನಲ್ಲಿ ನೂರಕ್ಕೆ ನಲವತ್ತರಷ್ಟು ಕೊಬ್ಬಿದೆ. ಒಣಗಿದ ಮಾವಿನ ತಿರುಳಿನಲ್ಲಿ ಇರುವುದು ನೂರಕ್ಕೆ 7ರಿಂದ 12 ಭಾಗ ಮಾತ್ರ. ಉಳಿದುದರಲ್ಲಿ ಬಹುಪಾಲು ಪಿಷ್ಟ. ಬರಗಾಲದಲ್ಲಿ ಜನರು ವಾಟೆಯ ತಿರುಳನ್ನು ನೆನೆಸಿ, ಒಗರು ಕಳೆದು, ಹಿಟ್ಟು ಮಾಡಿ ಉಂಡುದಕ್ಕೆ ಈ ಪಿಷ್ಟವೇ ಕಾರಣ. ನೀರಿನಲ್ಲಿ ಬೆಂದ ಪಿಷ್ಟವು ಉಬ್ಬಿ ಅಂಟಾಗುತ್ತದೆ. ಇರುವ ಅಲ್ಪಸ್ವಲ್ಪ ಕೊಬ್ಬಿನ ಹನಿಗಳು ಆ ಅಂಟಿನಲ್ಲಿ ಸಿಕ್ಕಿಕೊಂಡು ಮೇಲಕ್ಕೆ ಬರಲಾರವು. ಎರಡು ಬೀಜಗಳಲ್ಲಿಯೂ ಕೊಬ್ಬಿದೆ. ಆದರೆ ಒಂದರಲ್ಲಿ ಅದು ಬಿಟ್ಟುಕೊಡುತ್ತದೆ, ಇನ್ನೊಂದರಲ್ಲಿ ಬಿಡುವುದಿಲ್ಲ.

ಗಾಣವೂ ಸೋಲುವ ಲೆಕ್ಕ

ಕುದಿಸಿದರೆ ಆಗದು, ಸರಿ, ಗಾಣಕ್ಕೆ ಹಾಕಿದರೆ? ಕಡಲೆಕಾಯಿ, ಎಳ್ಳು, ಕೊಬ್ಬರಿಗಳನ್ನು ಹಿಂಡುವ ಗಾಣ ನಮಗೆ ಹೊಸತಲ್ಲ. ಇದರ ಉತ್ತರಕ್ಕೆ ಸ್ವಲ್ಪ ಅಂಕಗಣಿತ ಸಾಕು.

ಎಷ್ಟೇ ಬಿಗಿಯಾಗಿ ಹಿಂಡಿದರೂ ಹಿಂಡಿಯಲ್ಲಿ ಸ್ವಲ್ಪ ಎಣ್ಣೆ ಉಳಿಯುತ್ತದೆ. ಎತ್ತಿನ ಗಾಣದ ಹಿಂಡಿಯಲ್ಲಿ ಹೆಚ್ಚು ಉಳಿಯುತ್ತದೆ. ಎಕ್ಸ್‌ಪೆಲ್ಲರ್ ಎಂಬ ತಿರುಪಿನ ಯಂತ್ರದ ಹಿಂಡಿಯಲ್ಲಿ ನೂರಕ್ಕೆ ಏಳು ಭಾಗದಷ್ಟು ಉಳಿಯುತ್ತದೆಂದು ಇಟ್ಟುಕೊಳ್ಳೋಣ. ನೂರು ಕಿಲೋಗ್ರಾಂ ಕಡಲೆಕಾಯಿ ಬೀಜದಲ್ಲಿ 45 ಕಿಲೋ ಎಣ್ಣೆ, 55 ಕಿಲೋ ಉಳಿದ ಪದಾರ್ಥ ಇದ್ದರೆ, ಹಿಂಡಿಯು ತನ್ನೊಡನೆ ಸುಮಾರು 4 ಕಿಲೋ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮಗೆ ಸುಮಾರು 41 ಕಿಲೋ ದೊರೆಯುತ್ತದೆ. ನಷ್ಟ ಹನ್ನೊಂದರಲ್ಲಿ ಒಂದು ಭಾಗ. ಗಾಣದವನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ ನೂರು ಕಿಲೋ ಮಾವಿನ ತಿರುಳನ್ನು ತೆಗೆದುಕೊಳ್ಳಿರಿ. ಕೊಬ್ಬು 10 ಕಿಲೋ, ಉಳಿದುದು 90 ಕಿಲೋ. ಈ 90 ಕಿಲೋ ಹಿಂಡಿಯು ಹಿಡಿದಿಟ್ಟುಕೊಳ್ಳುವ ಕೊಬ್ಬು ಸುಮಾರು 6.8 ಕಿಲೋ. ಕೈಗೆ ಬರುವುದು ಮೂರು ಕಿಲೋಗಿಂತ ತುಸು ಹೆಚ್ಚು. ಯಂತ್ರವು ಅಷ್ಟೇ ದುಡಿಯುತ್ತದೆ, ವಿದ್ಯುತ್ತು ಅಷ್ಟೇ ಖರ್ಚಾಗುತ್ತದೆ, ಮೂರರಲ್ಲಿ ಎರಡು ಪಾಲು ಕೊಬ್ಬು ಮಾತ್ರ ಹಿಂಡಿಯಲ್ಲಿಯೇ ಉಳಿಯುತ್ತದೆ. ಹಿಂಡಿಯ ಗುಣ ಎರಡು ಸಂದರ್ಭಗಳಲ್ಲಿಯೂ ಒಂದೇ. ಬದಲಾದುದು ನಾವು ಆರಂಭಿಸಿದ ಮೊತ್ತ. ಎಣ್ಣೆ ಕಡಮೆಯಿರುವ ಬೀಜಕ್ಕೆ ಒತ್ತಡದ ವಿಧಾನ ಒಗ್ಗದೆ ಇರುವುದಕ್ಕೆ ಕಾರಣ ಇಷ್ಟೇ.

ಕರಗಿಸಿ ತೆಗೆಯುವ ವಿಧಾನ

ಹಿಂಡಿ ತೆಗೆಯಲಾಗದುದನ್ನು ಕರಗಿಸಿ ತೆಗೆಯಬಹುದು. ಸಕ್ಕರೆ ನೀರಿನಲ್ಲಿ ಕರಗುವಂತೆ ಕೊಬ್ಬು ಹೆಕ್ಸೇನ್ ಎಂಬ ದ್ರಾವಕದಲ್ಲಿ ಕರಗುತ್ತದೆ. ಪಿಷ್ಟ ಮತ್ತು ನಾರು ಅದರಲ್ಲಿ ಕರಗುವುದಿಲ್ಲ. ಪೆಟ್ರೋಲಿಯಂನಿಂದ ಪಡೆಯುವ ಈ ದ್ರವ ಸುಮಾರು 69 ಡಿಗ್ರಿಯಲ್ಲಿಯೇ ಕುದಿಯುವುದರಿಂದ, ಕೊಬ್ಬನ್ನು ಕೆಡಿಸದೆ ಅದನ್ನು ಮತ್ತೆ ಬೇರ್ಪಡಿಸಬಹುದು.

ಕಾರ್ಖಾನೆಯಲ್ಲಿ ಮೊದಲು ಒಣ ತಿರುಳನ್ನು ಒಡೆದು, ಉರುಳೆಗಳ ನಡುವೆ ಹಾಯಿಸಿ ಅವಲಕ್ಕಿಯಂತೆ ತೆಳುವಾಗಿ ಚಪ್ಪಟೆ ಮಾಡುತ್ತಾರೆ. ಹೀಗೆ ಮಾಡುವುದರಿಂದ ಜೀವಕೋಶಗಳ ಗೋಡೆ ಒಡೆಯುತ್ತದೆ. ದ್ರಾವಕವು ಒಳಕ್ಕೆ ನುಗ್ಗಬೇಕಾದ ದೂರವೂ ಕಡಮೆಯಾಗುತ್ತದೆ. ಚಲಿಸುವ ಪಟ್ಟಿಯ ಮೇಲೆ ಈ ಪದರು ಮುಂದೆ ಹೋಗುತ್ತಿರುವಾಗ ಮೇಲಿಂದ ದ್ರಾವಕವನ್ನು ಸುರಿಸುತ್ತಾರೆ. ಇಲ್ಲೊಂದು ಜಾಣತನವಿದೆ: ಹೊಸ ದ್ರಾವಕವನ್ನು ಕೊನೆಯಲ್ಲಿ, ಎಣ್ಣೆ ಬಹುತೇಕ ತೀರಿರುವ ಪದರಿನ ಮೇಲೆ ಸುರಿಯುತ್ತಾರೆ, ಅಲ್ಲಿ ಸೋಸಿದುದನ್ನು ಹಿಂದಕ್ಕೆ ತಂದು, ಎಣ್ಣೆ ಇನ್ನೂ ಹೆಚ್ಚಾಗಿರುವ ಪದರಿಗೆ ಬಿಡುತ್ತಾರೆ. ತಿರುಳು ಒಂದು ದಿಕ್ಕಿಗೆ, ದ್ರಾವಕ ಇದಿರು ದಿಕ್ಕಿಗೆ. ಹೀಗಾಗಿ ಸ್ವಲ್ಪ ದ್ರಾವಕದಲ್ಲಿಯೇ ಹೆಚ್ಚು ಕೊಬ್ಬು ಬಿಡಿಸಿಕೊಳ್ಳಬಹುದು. ಬಳಿಕ ದ್ರಾವಣವನ್ನು ಕಾಯಿಸಿ ಹೆಕ್ಸೇನನ್ನು ಆವಿಯಾಗಿಸಿ, ತಣಿಸಿ, ಪುನಃ ಬಳಸುತ್ತಾರೆ. ಹಿಂಡಿಯಲ್ಲಿ ಉಳಿದ ದ್ರಾವಕವನ್ನು ಆವಿ ಹಾಯಿಸಿ ಕಳೆಯುತ್ತಾರೆ.

ಈ ವಿಧಾನದಲ್ಲಿ ಹಿಂಡಿಯೊಳಗೆ ಉಳಿಯುವ ಕೊಬ್ಬು ನೂರಕ್ಕೆ ಒಂದು ಭಾಗದಷ್ಟು. ನಮ್ಮ ಹಿಂದಿನ ಲೆಕ್ಕದಂತೆ ನೂರು ಕಿಲೋ ತಿರುಳಿನಿಂದ ಮೂರು ಕಿಲೋ ಬದಲು ಒಂಬತ್ತು ಕಿಲೋ ದೊರೆಯಿತೆಂದಾಯಿತು.

ಆದರೆ ಹೆಕ್ಸೇನ್ ಬೆಂಕಿಗೆ ಕಾದುಕೊಂಡಿರುವ ದ್ರವ. ಅದರ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು, ದೂರದ ಒಲೆಯ ಕಿಡಿಗೂ ಹತ್ತಿಕೊಳ್ಳಬಲ್ಲದು. ಆದುದರಿಂದ ಇದು ಹಿತ್ತಿಲಿನಲ್ಲಾಗಲಿ, ಮೇಲ್ವಿಚಾರಣೆಯಿಲ್ಲದೆ ಶಾಲೆಯ ಪ್ರಯೋಗಶಾಲೆಯಲ್ಲಾಗಲಿ ಮಾಡುವ ಕೆಲಸವಲ್ಲ. ಮುಚ್ಚಿದ ಯಂತ್ರಗಳು, ನುರಿತ ಕೆಲಸಗಾರರು, ಸುರಕ್ಷಿತ ಕಟ್ಟಡ ಇವೆಲ್ಲ ಬೇಕು. ಹಳ್ಳಿಗೊಂದು ಗಾಣ ಇಡಬಹುದು. ಹಳ್ಳಿಗೊಂದು ದ್ರಾವಕಸ್ಥಾವರ ಇಡಲಾಗದು.

ಚಾಕೊಲೆಟಿಗೂ ವಾಟೆಗೂ ಏನು ನಂಟು?

ಇಷ್ಟೆಲ್ಲ ಪ್ರಯಾಸಪಟ್ಟು ಪಡೆದ ಕೊಬ್ಬು ಎಂಥದು? ಎಲ್ಲ ಸ್ಥಿರತೈಲಗಳಂತೆ ಇದರ ಅಣುವಿನಲ್ಲಿಯೂ ಒಂದು ಗ್ಲಿಸರಾಲ್ ಬೆನ್ನೆಲುಬಿಗೆ ಮೂರು ಮೇದಾಮ್ಲಗಳು ಅಂಟಿಕೊಂಡಿರುತ್ತವೆ. ಮಾವಿನ ಕೊಬ್ಬಿನಲ್ಲಿ ಮುಖ್ಯವಾಗಿ ಎರಡು ಮೇದಾಮ್ಲಗಳಿವೆ: ಸ್ಟಿಯರಿಕ್ ಆಮ್ಲ ಮತ್ತು ಓಲಿಯಿಕ್ ಆಮ್ಲ. ಇವೆರಡೂ ಸೇರಿ ಒಟ್ಟಿನಲ್ಲಿ ನೂರಕ್ಕೆ ಎಂಬತ್ತು ಭಾಗದಷ್ಟಾಗುತ್ತವೆ. ಎರಡರಲ್ಲಿಯೂ ಹದಿನೆಂಟು ಇಂಗಾಲದ ಪರಮಾಣುಗಳ ಸರಪಳಿ. ಸ್ಟಿಯರಿಕ್ ಆಮ್ಲದ ಸರಪಳಿ ನೆಟ್ಟಗೆ ಕೋಲಿನಂತೆ. ಆದುದರಿಂದ ಅಂಥ ಅಣುಗಳು ಒತ್ತೊತ್ತಾಗಿ ಜೋಡಿಕೊಂಡು ಗಟ್ಟಿಯಾಗುತ್ತವೆ. ಓಲಿಯಿಕ್ ಆಮ್ಲದಲ್ಲಿ ಎರಡು ಜಲಜನಕ ಪರಮಾಣುಗಳು ಕಡಮೆಯಿದ್ದು ಸರಪಳಿಯ ನಡುವೆ ಒಂದು ಕೊಂಕು ಬಂದಿದೆ. ಅದು ಒತ್ತೊತ್ತಾಗಿ ಕೂರಲೊಲ್ಲದೆ ದ್ರವವಾಗಿ ಉಳಿಯಬಯಸುತ್ತದೆ.

ಇಲ್ಲಿ ವಿಶೇಷವೇನೆಂದರೆ, ಮಾವಿನ ಕೊಬ್ಬಿನ ಬಹಳಷ್ಟು ಅಣುಗಳಲ್ಲಿ ಎರಡು ತುದಿಗಳಲ್ಲಿ ಸ್ಟಿಯರಿಕ್, ನಡುವೆ ಓಲಿಯಿಕ್ ಎಂಬ ಕ್ರಮವಿದೆ. ಕೋಕೋ ಬೆಣ್ಣೆಯ ಅಣುಗಳ ಜೋಡಣೆಯೂ ಇದೇ ಮಾದರಿಯದು. ಅದರಿಂದಲೇ ಚಾಕೊಲೆಟ್ ಕೋಣೆಯ ಉಷ್ಣತೆಯಲ್ಲಿ ಟಕ್ಕನೆ ಮುರಿಯುವಷ್ಟು ಗಟ್ಟಿಯಾಗಿದ್ದು, 34 ಡಿಗ್ರಿಯ ಹತ್ತಿರ ಒಮ್ಮೆಲೇ ಕರಗುತ್ತದೆ. ನಮ್ಮ ದೇಹದ ಉಷ್ಣತೆ 37 ಡಿಗ್ರಿ. ನಾಲಗೆಯ ಮೇಲೆ ಚಾಕೊಲೆಟ್ ಕರಗುವ ಸೊಗಸಿನ ಗುಟ್ಟು ಈ ಮೂರು ಡಿಗ್ರಿಗಳ ಅಂತರದಲ್ಲಿದೆ. ಯುರೋಪಿನ ಒಕ್ಕೂಟವು 2000ನೆಯ ಇಸವಿಯಲ್ಲಿ ಚಾಕೊಲೆಟಿನ ವಿಷಯವಾಗಿ ಹೊರಡಿಸಿದ ನಿಬಂಧನೆಯು, ಕೋಕೋ ಬೆಣ್ಣೆಯ ಜೊತೆಗೆ ನೂರಕ್ಕೆ ಐದು ಭಾಗದವರೆಗೆ ಬೆರೆಸಬಹುದಾದ ಆರು ಸಸ್ಯಜನ್ಯ ಕೊಬ್ಬುಗಳನ್ನು ಹೆಸರಿಸಿತು. ಆ ಆರರಲ್ಲಿ ಮಾವಿನ ವಾಟೆಯ ಕೊಬ್ಬೂ ಒಂದು, ಮುರುಗಲಿನ ಕೊಬ್ಬೂ ಒಂದು. ನಮ್ಮ ಹಿತ್ತಿಲಿನ ಕಸ ಅಲ್ಲಿ ಬೆಲೆಯುಳ್ಳ ವಸ್ತು!

1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಾವಿನ ವಾಟೆಯ ತಿರುಳನ್ನೂ ಅದರ ಕೊಬ್ಬಿನ ರಚನೆಯನ್ನೂ ಅಭ್ಯಾಸ ಮಾಡಿದ್ದಾರೆ. ಬೇರೆ ಬೇರೆ ಜಾತಿಯ ಮಾವುಗಳಲ್ಲಿ ವಾಟೆಯ ಗಾತ್ರವೂ ತಿರುಳಿನ ಕೊಬ್ಬೂ ಬೇರೆ ಬೇರೆಯಾಗಿರುವುದು ತಿಳಿದುಬಂದಿದೆ. ಆದುದರಿಂದ ಕಿರುಗಾವಲಿನಂಥ ತೋಟ ರುಚಿಯ ಭಂಡಾರ ಮಾತ್ರವಲ್ಲ. ವಾಟೆಯ ವಿಚಾರದಲ್ಲಿಯೂ ಅಭ್ಯಾಸಯೋಗ್ಯವಾದ ಭಂಡಾರ.

ಕೊಳೆಯುವ ಮುನ್ನ

ಎಣ್ಣೆಯಿದೆ, ತೆಗೆಯುವ ವಿಧಾನವಿದೆ, ಕೊಳ್ಳುವವರಿದ್ದಾರೆ. ಇಷ್ಟಾದರೂ ನಮ್ಮ ವಾಟೆಗಳಲ್ಲಿ ಬಹುಪಾಲು ಮಣ್ಣುಪಾಲಾಗುವುದೇಕೆ? ಇದಕ್ಕೆ ಉತ್ತರ ಯಂತ್ರದಲ್ಲಿಲ್ಲ, ಕಾಲದಲ್ಲಿದೆ.

ಹಣ್ಣಿನಿಂದ ಈಗತಾನೆ ಬೇರೆಯಾದ ವಾಟೆಯ ತಿರುಳಿನಲ್ಲಿ ಸುಮಾರು ಅರ್ಧದಷ್ಟು ನೀರು. ಬೀಜ ಮೊಳೆಯುವಾಗ ಕೊಬ್ಬನ್ನು ಒಡೆದು ಮರಿಗಿಡಕ್ಕೆ ಉಣಿಸಬೇಕಲ್ಲವೆ? ಅದಕ್ಕಾಗಿ ಬೀಜದೊಳಗೆ ಲೈಪೇಸ್ ಎಂಬ ಕಿಣ್ವವಿರುತ್ತದೆ. ನೀರಿರುವವರೆಗೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಕೊಬ್ಬಿನ ಅಣುವನ್ನು ಕತ್ತರಿಸಿ ಮೇದಾಮ್ಲಗಳನ್ನು ಬಿಡಿಬಿಡಿಯಾಗಿಸುತ್ತದೆ. ಮೇಲಿನಿಂದ ಬೂಷ್ಟು ಹಿಡಿದರೆ ಅದರ ಕಿಣ್ವಗಳೂ ಇದಕ್ಕೆ ಕೈಗೂಡಿಸುತ್ತವೆ. ಬಿಡಿಯಾದ ಆಮ್ಲ ಹೆಚ್ಚಾದಷ್ಟೂ ಎಣ್ಣೆಯನ್ನು ಶುದ್ಧಿಮಾಡುವಾಗ ನಷ್ಟ ಹೆಚ್ಚು. ಒಂದು ಮಿತಿಯನ್ನು ಮೀರಿದರೆ ಅದು ಚಾಕೊಲೆಟಿಗೆ ಸಲ್ಲದೆ ಸಾಬೂನಿಗೆ ಇಳಿಯುತ್ತದೆ, ಬೆಲೆಯೂ ಇಳಿಯುತ್ತದೆ.

ಮಂಡ್ಯದ ಸೀಮೆಯವರಿಗೆ ಇದರ ನಿದರ್ಶನ ಮನೆಯ ಬಾಗಿಲಲ್ಲೇ ಇದೆ. ಅಕ್ಕಿಗಿರಣಿಯಿಂದ ಬರುವ ತೌಡಿನಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಭಾಗದವರೆಗೆ ಎಣ್ಣೆಯಿರುತ್ತದೆ. ಅದನ್ನೂ ದ್ರಾವಕದಿಂದಲೇ ತೆಗೆಯಬೇಕು. ಅಲ್ಲಿಯೂ ಇದೇ ಕಿಣ್ವದ ಕಾಟ. ಗಿರಣಿಯಿಂದ ಹೊರಬಿದ್ದ ತೌಡನ್ನು ಬೇಗನೆ ಬಿಸಿಮಾಡಿ ಕಿಣ್ವವನ್ನು ನಿಷ್ಕ್ರಿಯಗೊಳಿಸದಿದ್ದರೆ ಅಥವಾ ಕೂಡಲೇ ಸ್ಥಾವರಕ್ಕೆ ಸಾಗಿಸದಿದ್ದರೆ ಎಣ್ಣೆ ಊಟಕ್ಕೆ ಬಾರದು. ತೌಡಿನೆಣ್ಣೆಯನ್ನು ಅಡುಗೆಮನೆಗೆ ತಂದ ಜಯವು ದ್ರಾವಕಕ್ಕೆ ಎಷ್ಟು ಸಲ್ಲಬೇಕೋ ಈ ತ್ವರೆಗೂ ಅಷ್ಟೇ ಸಲ್ಲಬೇಕು.

ಮಾವಿಗೆ ಇನ್ನೊಂದು ತೊಡಕೂ ಇದೆ. ತೋತಾಪುರಿಯ ಸುಗ್ಗಿ ಜೂನ್, ಜುಲೈಗಳಲ್ಲಿ; ಮುಂಗಾರಿನ ಮೋಡ ಕವಿಯುವುದೂ ಆಗಲೇ. ಬಿಸಿಲನ್ನೇ ನಂಬಿ ಅಂಗಳದಲ್ಲಿ ಹರವಿದ ವಾಟೆ ಒಣಗುವ ಬದಲು ಬೂಷ್ಟು ಹಿಡಿಯುವುದುಂಟು. ತಿರುಳಿನ ತೇವವನ್ನು ನೂರಕ್ಕೆ ಹತ್ತು ಭಾಗಕ್ಕಿಂತ ಕೆಳಗಿಳಿಸಬೇಕಾದರೆ ಬಿಸಿಗಾಳಿಯ ಆಸರೆ ಬೇಕು.

ಊರಿನ ಪಾಲು

ಇನ್ನೊಂದು ಲೆಕ್ಕ ಮಾಡೋಣ. ನೂರು ಟನ್ ಹಣ್ಣಿನಲ್ಲಿ ವಾಟೆ 15 ಟನ್ ಎಂದು ಹಿಡಿಯಿರಿ. ಚಿಪ್ಪು ಕಳೆದರೆ ತಿರುಳು ಅದರ ಅರ್ಧ, 7.5 ಟನ್. ನೀರು ಕಳೆದರೆ ಮತ್ತೆ ಅರ್ಧ, ಸುಮಾರು 3.75 ಟನ್. ಅದರಲ್ಲಿ ಹತ್ತರಲ್ಲೊಂದು ಪಾಲು ಕೊಬ್ಬು: 375 ಕಿಲೋ. ದಿನಕ್ಕೆ 50 ಟನ್ ಒಣತಿರುಳನ್ನು ಬೇಡುವ ಸ್ಥಾವರವಿದ್ದರೆ, ಅದರ ಒಂದು ದಿನದ ಹೊಟ್ಟೆಗೆ 1,300 ಟನ್ನಿಗೂ ಹೆಚ್ಚು ಹಣ್ಣಿನ ವಾಟೆ ಕೂಡಬೇಕು. ಸುಗ್ಗಿಯೋ ಎರಡು ಮೂರು ತಿಂಗಳಿನದು. ವರ್ಷದ ಉಳಿದ ದಿನಗಳಲ್ಲಿ ಮಾವಿಗೆಂದೇ ಕಟ್ಟಿದ ಸ್ಥಾವರ ಬಾಗಿಲು ಮುಚ್ಚಿರಬೇಕಾಗುತ್ತದೆ. ಆದುದರಿಂದ ತೌಡು ಮೊದಲಾದುವನ್ನು ವರ್ಷವಿಡೀ ಅರೆಯುವ ಸ್ಥಾವರದಲ್ಲಿ, ಸುಗ್ಗಿಯ ಬಳಿಕ ಕೆಲವು ವಾರ ಮಾವಿನ ತಿರುಳನ್ನೂ ಅರೆಯುವುದೇ ಜಾಣತನ. ಒಣಗಿಸಿಟ್ಟ ತಿರುಳು ತನ್ನ ಸರದಿಗಾಗಿ ಕಾಯಬಲ್ಲದು; ಹಸಿ ವಾಟೆ ಕಾಯಲಾರದು.

ಇದೇ ಜಿಲ್ಲೆಯಲ್ಲಿ ಕಸವನ್ನು ಕಾಸು ಮಾಡಿದ ಪೂರ್ವಾನುಭವವಿದೆ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ರಸ ಹಿಂಡಿದ ಕಬ್ಬಿನ ಸಿಪ್ಪೆ ಉರುವಲಾಯಿತು. ಕಾಕಂಬಿಯಿಂದ ಮದ್ಯಸಾರ ದೊರೆಯಿತು. ಅಲ್ಲಿ ಅದು ಸುಲಭವಾದುದಕ್ಕೆ ಕಾರಣವೊಂದುಂಟು: ಕಬ್ಬಿನ ಕಸವೆಲ್ಲ ಒಂದೇ ಕಡೆ, ಒಂದೇ ಕಾರ್ಖಾನೆಯ ಅಂಗಳದಲ್ಲಿ ಬೀಳುತ್ತದೆ. ಮಾವಿನ ವಾಟೆ ಹಾಗಲ್ಲ. ರಸದ ಕಾರ್ಖಾನೆಯಲ್ಲಿ ಬೀಳುವುದು ಒಂದು ಪಾಲು. ಮನೆಮನೆಯ ಹಿತ್ತಿಲಿನಲ್ಲಿ, ಜ್ಯೂಸ್ ಅಂಗಡಿಗಳ ಹಿಂದೆ, ಸಂತೆಯ ಬಯಲಿನಲ್ಲಿ ಚದರಿಹೋಗುವುದು ಬಹುಪಾಲು. ಚದರಿದುದನ್ನು ಕೂಡಿಸುವ ಕೂಲಿ ಎಣ್ಣೆಯ ಬೆಲೆಗಿಂತ ಹೆಚ್ಚಾದರೆ ವ್ಯಾಪಾರ ನಿಲ್ಲದು. ತೇವದ ವಾಟೆಯನ್ನು ಲಾರಿಯಲ್ಲಿ ಹೇರಿದರೆ ನಾವು ಸಾಗಿಸುವುದು ಬಹುಮಟ್ಟಿಗೆ ನೀರನ್ನೂ ಚಿಪ್ಪನ್ನೂ. ಮೇಲಿನ ಲೆಕ್ಕದಂತೆ 15 ಟನ್ ವಾಟೆಯ ಬದಲು ನಾಲ್ಕು ಟನ್ನಿಗೂ ಕಡಮೆ ಒಣತಿರುಳನ್ನು ಸಾಗಿಸಿದರೆ ಬಾಡಿಗೆ ಕಾಲುಭಾಗಕ್ಕೆ ಇಳಿಯುತ್ತದೆ.

ಊರಿಗೆ ಸಲ್ಲುವ ಕೆಲಸ ಇಲ್ಲಿಯೇ ಇದೆ. ವಾಟೆಯನ್ನು ಅಂದಂದೇ ತೊಳೆದು, ಚಿಪ್ಪು ಒಡೆದು, ತಿರುಳನ್ನು ಒಣಗಿಸುವುದಕ್ಕೆ ಹೆಕ್ಸೇನ್ ಬೇಡ, ದೊಡ್ಡ ಬಂಡವಾಳವೂ ಬೇಡ. ರೇಷ್ಮೆಗೂಡನ್ನು ಬಿಸಿಗಾಳಿಯಲ್ಲಿ ಒಣಗಿಸುವ ಪದ್ಧತಿ ಈ ಪ್ರಾಂತ್ಯಕ್ಕೆ ಅಪರಿಚಿತವಲ್ಲ. ಅದೇ ತತ್ತ್ವ ತಿರುಳಿಗೂ ಸಲ್ಲುತ್ತದೆ. ಒಡೆದ ಚಿಪ್ಪೇ ಒಣಗಿಸುವ ಒಲೆಗೆ ಉರುವಲಾಗಬಲ್ಲದು. ಎಣ್ಣೆ ತೆಗೆದ ಮೇಲೆ ಉಳಿಯುವ ಪಿಷ್ಟಭರಿತ ಹಿಂಡಿಯಿಂದ ಟ್ಯಾನಿನ್ ಎಂಬ ಒಗರು ಪದಾರ್ಥವನ್ನು ತೊಳೆದು ಕಳೆದರೆ ದನಗಳ ಮೇವಿನಲ್ಲಿ ಮಿತವಾಗಿ ಬೆರೆಸಬಹುದು. ಹೀಗೆ ನೋಡಿದರೆ ವಾಟೆಯಲ್ಲಿ ಬಿಸಾಡುವಂಥದು ಬಹಳ ಕಡಮೆ.

ವಿದ್ಯಾರ್ಥಿಗಳು ಇದರಲ್ಲಿ ಮಾಡಬಹುದಾದ ಉಪಯುಕ್ತ ಅಭ್ಯಾಸವೊಂದಿದೆ. ಮಾವಿನ ಕಾಲದಲ್ಲಿ ಮನೆಗೆ ಬರುವ ರಸಪುರಿ, ಬಾದಾಮಿ, ತೋತಾಪುರಿ, ನಾಟಿ ಹಣ್ಣುಗಳನ್ನು ಒಂದೊಂದಾಗಿ ತೂಗಿರಿ. ತಿಂದ ಮೇಲೆ ವಾಟೆಯನ್ನು ತೊಳೆದು ತೂಗಿರಿ. ಚಿಪ್ಪು ಬಿಡಿಸಿ ತಿರುಳನ್ನು ತೂಗಿರಿ. ತೆಳ್ಳಗೆ ಹೆಚ್ಚಿ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿರಿ. ನಾಲ್ಕು ತೂಕಗಳನ್ನೂ ಜಾತಿವಾರಾಗಿ ಪಟ್ಟಿ ಮಾಡಿದರೆ, ನಿಮ್ಮ ಊರಿನ ಯಾವ ಜಾತಿಯ ಮಾವಿನಲ್ಲಿ ಎಷ್ಟು ಒಣತಿರುಳು ದೊರೆಯುತ್ತದೆಂಬುದು ನಿಮಗೇ ತಿಳಿಯುತ್ತದೆ. ಒಣಗಿಸಲು ಎಷ್ಟು ದಿನ ಹಿಡಿಯಿತು, ಮೋಡದ ದಿನಗಳಲ್ಲಿ ಬೂಷ್ಟು ಎಂದು ಕಾಣಿಸಿಕೊಂಡಿತು ಎಂಬುದನ್ನೂ ಬರೆದಿಡಿರಿ. ಸ್ಥಾವರ ಕಟ್ಟುವವನು ಮೊದಲು ಕೇಳುವ ಅಂಕಿಗಳು ಇವೇ. ಇವನ್ನು ಕೂಡಿಸಲು ಒಂದು ತಕ್ಕಡಿ, ಒಂದು ಚಾಕು, ಒಂದು ಪುಸ್ತಕ, ಒಂದು ಸುಗ್ಗಿಯ ತಾಳ್ಮೆ ಇದ್ದರೆ ಸಾಕು.